ತಿಪ್ಪೇರುದ್ರನ ಬಿಸಿಲು

ಚನ್ನಗಿರಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ಇಪ್ಪತ್ತಮೂರು ವರ್ಷದಿಂದ ನಾನು ಮನೋವಿಜ್ಞಾನ ಪಾಠ ಮಾಡುತ್ತಿದ್ದೇನೆ. ಕಲಿಕೆ, ಬುದ್ಧಿಶಕ್ತಿ, ನೆನಪು, ಮರೆವು, ಇವು ನನ್ನ ಪಾಲಿಗೆ ಬಂದಿರುವ ಪಾಠಗಳು. ನೆನಪು ಅಂದರೆ ಬೀರುವಿನಲ್ಲಿ ಮಡಚಿಟ್ಟ ಬಟ್ಟೆಯಲ್ಲ, ತೆಗೆದಾಗಲೆಲ್ಲ ಅದನ್ನು ಹೊಸದಾಗಿ ಹೊಲಿಯುತ್ತೇವೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಇದು ಪರೀಕ್ಷೆಗೆ ಬರುತ್ತದೆ ಎಂದು ಎಚ್ಚರಿಸುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ನಾನೊಬ್ಬನೇ ಬರೆದುಕೊಂಡಿರಲಿಲ್ಲ ಅನ್ನುವುದು ಹೋದ ವರ್ಷ ಗೊತ್ತಾಯಿತು.

ನನ್ನ ಹೆಸರು ಕಲ್ಲೇಶ್. ಊರು ಜಗಳೂರು ತಾಲ್ಲೂಕು, ಸೊಕ್ಕೆಯಿಂದ ಇನ್ನೂ ಮುಂದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಶಾಲೆಗೆ ನನ್ನಿಂದ ಆಗಿರುವ ಉಪಕಾರ ಸದ್ಯಕ್ಕೆ ಸಾಕು.

ಹೋದ ಜೂನ್‌ನಲ್ಲಿ ನಮ್ಮ ಆಡಳಿತ ಮಂಡಳಿಯವರು ಅಧ್ಯಾಪಕರಿಗೆಂದು ಎರಡು ದಿನದ ಕಾರ್ಯಾಗಾರ ಇಟ್ಟರು. ‘ಒಳಗಿನ ಮಗುವಿನೊಡನೆ ಮಾತುಕತೆ’ ಎಂದು ಬ್ಯಾನರು. ಹೊರಗಿನಿಂದ ಒಬ್ಬ ಮೇಡಂ ಬಂದಿದ್ದರು. ಕಿಟಕಿಗಳಿಗೆಲ್ಲ ಪರದೆ ಎಳೆಸಿ, ಸಣ್ಣಗೆ ಕೊಳಲಿನ ಸಂಗೀತ ಹಚ್ಚಿ, ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರು.

“ಬಾಲ್ಯದಲ್ಲಿ ನಿಮ್ಮನ್ನು ನೋಯಿಸಿದವರು ಒಬ್ಬರಾದರೂ ಇದ್ದೇ ಇರ್ತಾರೆ. ಅವರನ್ನ ಹುಡುಕಿ. ಸಿಗಲಿಲ್ಲ ಅಂದರೆ ನೋವು ಇಲ್ಲ ಅಂತಲ್ಲ, ಅಷ್ಟು ಆಳಕ್ಕೆ ಹೂತಿದ್ದೀರಿ ಅಂತ ಅರ್ಥ” ಎಂದರು.

ಮೊದಲ ದಿನವೇ ಎಲ್ಲರೂ ಅತ್ತರು. ಗಣಿತದವರು ಅತ್ತರು, ಲೈಬ್ರೇರಿಯನ್ ಅತ್ತರು, ದೈಹಿಕ ಶಿಕ್ಷಣದ ಮೇಷ್ಟ್ರು ಎದ್ದು ಹೊರಗೆ ಹೋಗಿ ಅತ್ತು ಬಂದರು. ನನಗೆ ಮಾತ್ರ ಏನೂ ಸಿಗಲಿಲ್ಲ. ನನ್ನ ಬಾಲ್ಯ ಸುಖವಾಗಿತ್ತು. ಅಪ್ಪ ಶಾಲಾ ಕಟ್ಟಡ ಸಮಿತಿಯ ಅಧ್ಯಕ್ಷ. ಮನೆಯಲ್ಲಿ ಎರಡು ಎಮ್ಮೆ. ಒಬ್ಬಳೇ ಅಕ್ಕ, ನನ್ನ ಪಾಲಿನ ಏಟನ್ನೂ ಅವಳೇ ತಿನ್ನುತ್ತಿದ್ದಳು. ಮನೋವಿಜ್ಞಾನದ ಅಧ್ಯಾಪಕನ ಬಳಿಯೇ ಒಂದು ಗಾಯ ಇಲ್ಲವೆಂದರೆ ಹೇಗೆ? ಊಟದ ಪಂಕ್ತಿಯಲ್ಲಿ ನನ್ನ ಎಲೆಯೊಂದನ್ನೇ ಬಿಟ್ಟು ಎಲ್ಲರ ಎಲೆಗೂ ಪಾಯಸ ಬಡಿಸಿಕೊಂಡು ಹೋದ ಹಾಗಾಯಿತು. ಮನೆಗೆ ಹೋಗಿ ನಿದ್ದೆ ಬರದೆ ಹೊರಳಾಡಿದೆ.

ಎರಡನೇ ದಿನ ಮಧ್ಯಾಹ್ನ, ಊಟವಾದ ಮೇಲೆ, ಅದು ಬಂತು.

ಏಳನೇ ಕ್ಲಾಸು. ಶಾಲೆಯ ವಿಜ್ಞಾನದ ಪೆಟ್ಟಿಗೆಯಿಂದ ಭೂತಗನ್ನಡಿ ಕಾಣೆಯಾಗಿದೆ. ಷಣ್ಮುಖಪ್ಪ ಮೇಷ್ಟ್ರು ಒಬ್ಬ ಹುಡುಗನನ್ನು ಹೊಂಗೆಮರದ ನೆರಳಿನಿಂದ ಆಚೆಗೆ, ಬಿಸಿಲಲ್ಲಿ, ಒಂಟಿ ಕಾಲಲ್ಲಿ ನಿಲ್ಲಿಸಿದ್ದಾರೆ. ನೀಲಿ ಅಂಗಿ, ಹೆಗಲ ಹತ್ತಿರ ಹೊಲಿಗೆ ಬಿಟ್ಟಿದೆ. ಹುಡುಗ ಕಣ್ಣು ಮುಚ್ಚಿಕೊಂಡಿದ್ದಾನೆ. ಕಿಟಕಿಯ ಸರಳುಗಳ ನಡುವೆ ಅವನ ಮುಖ ಕಾಣುತ್ತಿದೆ.

“ಯಾರು ಆ ಹುಡುಗ?” ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು.

ಆ ಅಂಗಿ ನನ್ನದು. ಅದರಲ್ಲಿ ಅನುಮಾನವೇ ಇರಲಿಲ್ಲ. “ನಾನು” ಎಂದೆ.

“ಹೌದು, ನೀವೇ” ಎಂದರು. ನಾನು ಎಷ್ಟು ಅತ್ತೆನೆಂದರೆ ಹಿಂದಿನ ದಿನ ಅತ್ತವರೆಲ್ಲ ಬಂದು ಸಮಾಧಾನ ಮಾಡಬೇಕಾಯಿತು. ಕೊನೆಗೆ ಚಪ್ಪಾಳೆಯೂ ಬಿತ್ತು.

ಮನೆಗೆ ಬಂದು ಹೆಂಡತಿ ಸಂಧ್ಯಾರಾಣಿಗೆ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತವನ್ನೂ ಎರಡು ಸಲ ನೋಡದೆ ನಂಬುವವಳಲ್ಲ.

“ಮದುವೆಯಾಗಿ ಇಪ್ಪತ್ತೈದು ವರ್ಷ ಆತು. ನಿಮ್ಮನೆ ಎಮ್ಮೆ ಕರು ಹಾಕಿದ್ದನ್ನೇ ನಾಲ್ಕು ಸಲ ಹೇಳೀರಿ. ಇದನ್ನ ಒಂದು ಸಲಾನೂ ಹೇಳಲಿಲ್ಲವಲ್ಲ?” ಎಂದಳು.

“ಹೂತುಹೋಗಿತ್ತು” ಎಂದೆ ಗಂಭೀರವಾಗಿ.

“ಎಲ್ಲಿ?” ಎಂದಳು.

ಇಂಥವರಿಗೆ ಏನು ಹೇಳುವುದು? ಆದರೆ ಬೇರೆ ಎಲ್ಲರಿಗೂ ಹೇಳಿದೆ. ಸಹೋದ್ಯೋಗಿಗಳಿಗೆ ಹೇಳಿದೆ, ಬೀಗರಿಗೆ ಹೇಳಿದೆ, ತರಗತಿಯಲ್ಲಿ ‘ಶಿಕ್ಷೆ ಮತ್ತು ಮಗುವಿನ ಮನಸ್ಸು’ ಎಂಬ ಪಾಠಕ್ಕೆ ಉದಾಹರಣೆಯಾಗಿ ಹೇಳಿದೆ. ಹೇಳಿದಷ್ಟೂ ಅದು ಬೆಳೆಯಿತು. ಜುಲೈನಲ್ಲಿ ಪಾದ ಸುಡತೊಡಗಿತು. ಆಗಸ್ಟಿನಲ್ಲಿ ಬಾಯಾರಿಕೆ ಸೇರಿತು. ಗಣೇಶನ ಹಬ್ಬದ ಹೊತ್ತಿಗೆ ಮೂರು ದಿನದ ಜ್ವರವೂ ಬಂದಿತ್ತು. ನಾನು ಒಂದನ್ನೂ ಬೇಕೆಂದು ಸೇರಿಸಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವಾಗಿಯೇ ಬಂದವು. ಬಂದಾಗ ಎಷ್ಟು ನಿಜವಾಗಿದ್ದವೆಂದರೆ, ಕಾಲೇಜಿನ ವರಾಂಡದ ಬಿಸಿ ಕಲ್ಲನ್ನು ಚಪ್ಪಲಿ ಹಾಕಿಕೊಂಡೇ ದಾಟುವಾಗಲೂ ಹೆಜ್ಜೆ ಎತ್ತಿ ಇಡುತ್ತಿದ್ದೆ.

ಡಿಸೆಂಬರಿನಲ್ಲಿ ನಮ್ಮ ಬ್ಯಾಚಿನವರು ಊರಿನ ಶಾಲೆಯಲ್ಲಿ ಗುರುವಂದನೆ ಇಟ್ಟುಕೊಂಡರು. ಷಣ್ಮುಖಪ್ಪ ಮೇಷ್ಟ್ರಿಗೆ ಈಗ ಎಂಬತ್ತಮೂರು. ಹೊನ್ನಾಳಿಯಲ್ಲಿ ಮಗಳು ಶಿವಲೀಲಾ ಅವರ ಮನೆಯಲ್ಲಿದ್ದಾರೆ. ಬ್ಯಾಚಿನವರು ಕಾರು ಕಳಿಸಿ ಅವರನ್ನು ಕರೆಸಿದರು. ಬ್ಯಾಚಿನಲ್ಲಿ ಹೆಚ್ಚು ಓದಿದವನು ನಾನೆಂದು ಮುಖ್ಯ ಭಾಷಣ ನನಗೇ ಬಂತು.

ಏನು ಹೇಳಬೇಕೆಂದು ಒಂದು ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಹೊಂಗೆಮರವನ್ನು ತೋರಿಸಿದೆ. ಆ ಕಿಟಕಿಯನ್ನು ತೋರಿಸಿದೆ. ಬಿಸಿಲು, ಪಾದ, ಬಾಯಾರಿಕೆ, ಜ್ವರ, ಒಂದೂ ಬಿಡದೆ ಹೇಳಿದೆ. ಕೊನೆಗೆ ಮೇಷ್ಟ್ರ ಕಡೆಗೆ ತಿರುಗಿ, “ಮಾಡದ ಕಳ್ಳತನಕ್ಕೆ ನಿಂತ ಆ ಹುಡುಗ ಇವತ್ತು ನಿಮ್ಮನ್ನು ಮನಸಾರೆ ಕ್ಷಮಿಸಿದ್ದಾನೆ ಮೇಷ್ಟ್ರೇ” ಎಂದೆ. ಕ್ಷಮಿಸುವಾಗ ಕೊರಳಲ್ಲಿ ಶಾಲು ಇತ್ತು, ಅದೊಂದು ಚೆನ್ನಾಗಿ ಒಪ್ಪುತ್ತಿತ್ತು.

ಮೇಷ್ಟ್ರ ಕೈಗೆ ಯಾರೋ ಮೈಕು ಕೊಟ್ಟರು.

“ನನಗೆ ಸರಿಯಾಗಿ ನೆನಪಿಲ್ಲ” ಎಂದರು. “ಆದ್ರೆ ಕಲ್ಲೇಶಿ ಸುಳ್ಳು ಹೇಳೋ ಹುಡುಗ ಅಲ್ಲ. ನಾನು ನಿಲ್ಲಿಸಿರಬೇಕು. ತಪ್ಪಾತು ಮಗಾ.” ಹಾಗೆಂದು ಅತ್ತರು. ನಾನು ಅವರನ್ನು ಅಪ್ಪಿಕೊಂಡೆ. ಅದರ ವಿಡಿಯೋ ಜಗಳೂರಿನ ಕಡೆಯ ಒಂದು ಯೂಟ್ಯೂಬ್ ಚಾನೆಲ್ಲಿನಲ್ಲಿ ಬಂದು, ನಾಲ್ಕು ದಿನದಲ್ಲಿ ನಲವತ್ತು ಸಾವಿರ ಜನ ನೋಡಿದರು.

ಆ ದಿನ ಊಟದ ಹೊತ್ತಿನಲ್ಲಿ ಹಳೆಯ ಗೆಳೆಯ ಚಿಕ್ಕಹನುಮಂತಪ್ಪ ಪಕ್ಕದಲ್ಲಿ ಕೂತು, “ನನಗೆ ಚೆನ್ನಾಗಿ ನೆನಪೈತೆ ಬಿಡಪ್ಪ. ಮೂರನೇ ಬೆಂಚಲ್ಲಿ ಕೂತು ನೋಡ್ತಿದ್ದೆ, ನಿನ್ನ ಮುಖ ಕಪ್ಪಗೆ ಆಗಿತ್ತು” ಎಂದ. ನನ್ನ ಕಣ್ಣು ತುಂಬಿ ಬಂತು. ನಮ್ಮ ಕಾಲಕ್ಕೆ ಆ ಶಾಲೆಯಲ್ಲಿ ಒಂದು ಬೆಂಚೂ ಇರಲಿಲ್ಲ, ನೆಲದ ಮೇಲೆ ಕೂರುತ್ತಿದ್ದೆವು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಐದನೇ ದಿನ ಸಂಜೆ, ವಿಡಿಯೋದ ಕೆಳಗೆ ಜನ ಬರೆದದ್ದನ್ನು ಎರಡನೇ ಸಲ ಓದುತ್ತಾ ಕೂತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು.

“ಕಲ್ಲೇಶ್ ಸರ್ ಏನ್ರಿ? ನಾನು ತಿಪ್ಪೇರುದ್ರ. ಏಳನೇ ಕ್ಲಾಸಿನ ತನಕ ಜೊತೆಗೆ ಓದಿದ್ವಿ. ಈಗ ನ್ಯಾಮತಿ ಪೋಸ್ಟಾಫೀಸಿನಲ್ಲಿ ಇದೀನಿ.”

“ಓ, ತಿಪ್ಪೇರುದ್ರ. ಹೆಂಗಿದೀಯ? ಗುರುವಂದನೆಗೆ ಯಾಕೆ ಬರಲಿಲ್ಲ?”

“ಯಾರೂ ಹೇಳಲಿಲ್ಲ ರೀ.”

ಅವನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇರಲಿಲ್ಲ. ಅವರ ಕೇರಿಯ ಯಾರೂ ಆ ಗುಂಪಿನಲ್ಲಿ ಇರಲಿಲ್ಲ. ನಾನು ಅದನ್ನು ಗಮನಿಸಿದ್ದು ಆ ಕ್ಷಣದಲ್ಲಿ.

“ವಿಡಿಯೋ ನೋಡಿದೆ. ಚೆನ್ನಾಗಿ ಮಾತಾಡೀರಿ” ಎಂದ. “ಒಂದು ವಿಷಯ ಕೇಳಾಕೆ ಫೋನ್ ಮಾಡಿದೆ. ನಿಮ್ಮ ಕಥೇಲಿ ನಾನು ಎಲ್ಲಿದ್ದೆ?”

“ಅಂದ್ರೆ?”

“ಆವತ್ತು ಹೊರಗೆ ನಿಂತೋನು ನಾನು. ನೀವು ಒಳಗೆ ಕಿಟಕಿ ಹತ್ತಿರ ಇದ್ರಿ. ಈಗ ನೀವು ಹೊರಗೆ ಬಂದು ನಿಂತುಬಿಟ್ಟೀರಿ. ಅದಕ್ಕೆ ಕೇಳ್ತಿದೀನಿ, ನಾನು ಎಲ್ಲಿಗೆ ಹೋದೆ ಅಂತ.”

ಆಗ ನಾನು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನಿಗೆ ಪಾಠ ಮಾಡಿದೆ. “ನೋಡು ತಿಪ್ಪೇರುದ್ರ, ನೆನಪು ಅನ್ನೋದು ಬಹಳ ಸಂಕೀರ್ಣ. ಬೇರೆಯವರಿಗೆ ಆಗಿದ್ದು ನಮಗೇ ಆಯ್ತು ಅಂತ ಎಷ್ಟೋ ಸಲ ಅನಿಸಿಬಿಡ್ತದೆ. ಅದು ಸಹಜ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ” ಎಂದೆ.

“ಹೌದೇನ್ರಿ” ಎಂದ ಅವನು. “ಹಂಗಾದ್ರೆ ಯಾರಿಗೆ ಹಂಗೆ ಆಗಿರಬೋದು ಅಂತ ಒಂದ್ಸಲ ನೋಡ್ರಿ.” ನಮಸ್ಕಾರ ಹೇಳಿ ಫೋನ್ ಇಟ್ಟ.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಗಾಯಕ್ಕೆ ಕೈ ಹಾಕುತ್ತಿದ್ದಾನಲ್ಲ ಎಂದು. ಸಾಕ್ಷಿ ಬೇಕೆಂದು ಅಕ್ಕ ಉಚ್ಚಂಗಮ್ಮನಿಗೆ ಫೋನ್ ಮಾಡಿದೆ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಊರಿನಲ್ಲೇ ಇದ್ದಾಳೆ.

“ಲೇ ತಮ್ಮಾ, ಆ ವಿಡಿಯೋ ನನಗೂ ಕಳಿಸಿದ್ರು” ಎಂದಳು. “ಯಾವುದೋ ನಾಟಕ ಅಂತ ಸುಮ್ನಿದ್ದೆ. ಅಪ್ಪ ಅಧ್ಯಕ್ಷ ಇದ್ದಾಗ ನಿನ್ನನ್ನ ಯಾವ ಮೇಷ್ಟ್ರು ಬಿಸಿಲಲ್ಲಿ ನಿಲ್ಲಿಸ್ತಾರೆ? ನೀನಾಗೇ ಹೋಗಿ ನಿಂತಿದ್ರೂ ಕೊಡೆ ಹಿಡೀತಿದ್ರು.”

“ಭೂತಗನ್ನಡಿ ಕಳೆದಿದ್ದು ನೆನಪೈತಾ?”

“ಐತೆ. ಹೊನ್ನೂರಮ್ಮನ ಮಗ ತಿಪ್ಪೇರುದ್ರನ್ನ ನಿಲ್ಲಿಸಿದ್ದು. ನೀನು ಮನೆಗೆ ಬಂದು, ನಾನೇ ಕಳ್ಳನ್ನ ಹಿಡಿದುಕೊಟ್ಟೆ ಅಂತ ಪಡಸಾಲೆ ತುಂಬಾ ಕುಣಿದಾಡಿದ್ದೆ. ಅಪ್ಪ ಹಿಗ್ಗಿ, ಜಗಳೂರಿಗೆ ಹೋದಾಗ ನಿನಗೊಂದು ಇಂಕ್ ಪೆನ್ನು ತಂದುಕೊಟ್ಟ. ನನಗೆ ಕೊಡಲಿಲ್ಲ ಅಂತ ನಾನು ಅತ್ತಿದ್ದೆ. ಅದಕ್ಕೇ ನೆನಪೈತೆ.”

ಆ ಪೆನ್ನು ನನಗೆ ಗೊತ್ತು. ಏಳನೇ ಕ್ಲಾಸಿನಲ್ಲಿ ಮೊದಲ ಸ್ಥಾನ ಬಂದದ್ದಕ್ಕೆ ಅಪ್ಪ ಕೊಟ್ಟದ್ದು ಎಂದು ನನ್ನ ಮಗಳಿಗೆ ಎಷ್ಟೋ ಸಲ ಹೇಳಿದ್ದೇನೆ.

ಫೋನ್ ಇಟ್ಟು ಕಣ್ಣು ಮುಚ್ಚಿದೆ. ಹುಡುಗ ಬಂದ. ನೀಲಿ ಅಂಗಿ, ಬಿಸಿಲು, ಮುಖದ ಮೇಲೆ ಸರಳುಗಳ ಗೆರೆ. ಆರು ತಿಂಗಳಿಂದ ನಾನು ಆ ಸರಳುಗಳನ್ನು ನೋಡುತ್ತಿದ್ದೇನೆ, ಅವುಗಳ ತುಕ್ಕಿನ ಸಮೇತ ವರ್ಣಿಸಿದ್ದೇನೆ. ಬಿಸಿಲಲ್ಲಿ ನಿಂತವನಿಗೆ ತನ್ನ ಮುಖವೇ ಕಿಟಕಿಯ ಒಳಗಿನಿಂದ ಹೇಗೆ ಕಂಡೀತು ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ನಾನು, ಅದಕ್ಕೇ ಸಂಬಳ ಕೊಡುತ್ತಾರೆ.

ಭಾನುವಾರ ಬೆಳಿಗ್ಗೆ ನ್ಯಾಮತಿಗೆ ಹೋದೆ. ದಾರಿಯಲ್ಲಿ ಎರಡು ಕೆಜಿ ಸೇಬು ಕೊಂಡೆ. ಇಂಥದಕ್ಕೆ ಯಾವ ಹಣ್ಣು ಒಯ್ಯಬೇಕೆಂದು ನಮ್ಮ ಪಠ್ಯದಲ್ಲಿ ಇಲ್ಲ.

ಸೂರಗೊಂಡನಕೊಪ್ಪದ ರಸ್ತೆಗೆ ತಿರುಗುವಲ್ಲಿ ಅವನ ಮನೆ. ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರದು. ಗೋಡೆಗೆ ಒರಗಿ ಅವನ ತಾಯಿ ಹೊನ್ನೂರಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಿಪ್ಪೇರುದ್ರ ತೆಳ್ಳಗೆ, ನರೆತ ಮೀಸೆ, ಓದುವ ಕನ್ನಡಕವನ್ನು ಹಣೆಗೆ ಏರಿಸಿದ್ದ. ಕುರ್ಚಿ ಹಾಕಿದ. ಸೇಬು ತೆಗೆದುಕೊಂಡು ಕಿಟಕಿಯ ಮೇಲಿಟ್ಟ.

“ನೀನು ಹೇಳಿದ್ದು ಸರಿ” ಎಂದೆ. “ಅಕ್ಕನ್ನ ಕೇಳಿದೆ. ನಿಂತಿದ್ದು ನೀನು.”

“ನನಗೆ ಗೊತ್ತಿತ್ತು ರೀ” ಎಂದ.

ಆಗ ಕಿವಿಗೆ ಬಿತ್ತು. ನಾನು ಅವನಿಗೆ ನೀನು ಅನ್ನುತ್ತಿದ್ದೆ, ಅವನು ನನಗೆ ನೀವು ಅನ್ನುತ್ತಿದ್ದ. ಫೋನಿನಲ್ಲೂ ಹಾಗೇ ಆಗಿತ್ತು. ನಾಲಗೆ ತಾನಾಗಿಯೇ ಊರಿಗೆ ಹೋಗಿ ನಿಂತಿತ್ತು. “ನೀವು...” ಎಂದು ತಿದ್ದಲು ಹೋಗಿ ತಡವರಿಸಿದೆ.

ಅವನು ಕನ್ನಡಕ ತೆಗೆದು ಒರೆಸಿದ. “ನೀನು ಅಂತಲೇ ಅನ್ನು. ನಾನೂ ಅಂತೀನಿ. ಅದು ಸುಲಭ” ಎಂದ.

ಆಮೇಲೆ ನಿಧಾನವಾಗಿ ಹೇಳಿದ. “ಒಂಟಿ ಕಾಲು ಅಲ್ಲ, ಎರಡು ಕಾಲಲ್ಲೇ ನಿಂತಿದ್ದೆ. ಒಂಟಿ ಕಾಲು ನೀನು ಹಾಕಿದ್ದು. ಮತ್ತೆ ಅದು ಒಂದು ದಿನ ಅಲ್ಲ, ಮೂರು ದಿನ. ಜ್ವರ ಬರಲಿಲ್ಲ, ಬಂದಿದ್ರೆ ಮನೇಲಿ ಇರ್ತಿದ್ದೆ. ನೀಲಿ ಅಂಗಿ ಮಾತ್ರ ಖರೆ. ಅದು ನಿನ್ನದೇ. ಹಳೇದಾಗಿತ್ತು ಅಂತ ನಿಮ್ಮವ್ವ ನಮ್ಮವ್ವನಿಗೆ ಕೊಟ್ಟಿತ್ತು.”

ನಾನು ನನ್ನ ಅಂಗಿಯ ತೋಳನ್ನು ನೋಡಿಕೊಂಡೆ.

“ಅಂಗಿ ನಿನ್ನದು, ಒಳಗೆ ನಾನಿದ್ದೆ. ಅಷ್ಟೇ ವ್ಯತ್ಯಾಸ” ಎಂದ.

“ಆ ಕನ್ನಡಿ?”

“ಮೂರನೇ ದಿನ ಸಂಜೆ ಅದೇ ಪೆಟ್ಟಿಗೇಲಿ ಸಿಕ್ತು. ಹೋಗು, ಒಳಗೆ ಕೂರು ಅಂದ್ರು ಮೇಷ್ಟ್ರು. ಆ ವರ್ಷದ ಪರೀಕ್ಷೆ ಬರೆದು ಚಿತ್ರದುರ್ಗದ ಹಾಸ್ಟೆಲಿಗೆ ಹೋದೆ.”

“ನಿನ್ನ ಹೆಸರು ಹೇಳಿದ್ದು ನಾನು ಅಂತ ಗೊತ್ತಿತ್ತಾ?”

“ಎಲ್ಲರ ಎದುರಿಗೆ ಎದ್ದು ನಿಂತು ಹೇಳಿದೆಯಲ್ಲ ಮಾರಾಯ, ಗೊತ್ತಾಗದೆ ಏನು?”

“ನೀನು ತಗೊಂಡಿದ್ದನ್ನ ನಾನು ನೋಡಿದ್ನಾ?”

“ತಗೊಳ್ಳದೇ ಇದ್ದದ್ದನ್ನ ಹೆಂಗೆ ನೋಡ್ತೀಯ?”

ಅವನ ದನಿ ಏರಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಕನ್ನಡಕವನ್ನು ಮತ್ತೆ ಹಣೆಗೆ ಏರಿಸಿ, “ವಿಡಿಯೋ ನೋಡಿದಾಗ ಮೊದಲು ನಗು ಬಂತು. ಆಮೇಲೆ ಮೇಷ್ಟ್ರು ಅತ್ತರಲ್ಲ, ಆಗ ನಗು ನಿಂತುಹೋತು. ಟಪಾಲಿನ ಕೆಲಸದಲ್ಲಿ ನಾವು ಬಹಳ ಹೆದರೋದು ಒಂದಕ್ಕೆ. ಒಬ್ಬರ ಹೆಸರಿಗೆ ಬಂದ ರಿಜಿಸ್ಟರ್ ಪತ್ರನ ಇನ್ನೊಬ್ಬರು ಸೈನು ಹಾಕಿ ತಗೊಂಡುಬಿಡೋದು. ನೀನು ಅದನ್ನ ಮಾಡಿದೆ. ಆ ತಪ್ಪಾತು ಅನ್ನೋದು ನನ್ನ ಹೆಸರಿಗೆ ಬಂದಿದ್ದು” ಎಂದ.

ಇಷ್ಟು ಹೊತ್ತು ಅವರೆಕಾಯಿಯ ಮೇಲೇ ಕಣ್ಣಿಟ್ಟಿದ್ದ ಹೊನ್ನೂರಮ್ಮ ತಲೆಯೆತ್ತಿ ನನ್ನನ್ನು ದಿಟ್ಟಿಸಿದರು. ಅವರಿಗೆ ಕಿವಿ ಸ್ವಲ್ಪ ಮಂದ.

“ಅಧ್ಯಕ್ಷರ ಮಗ ಅಲ್ಲೇನು ಇವನು?” ಎಂದರು. “ನಿನಗೆ ಆವತ್ತು ನೀರು ತಂದುಕೊಟ್ಟಿದ್ದು ಇವನೇ ಅಲ್ಲೇನು?”

“ಇವನಲ್ಲ ಅವ್ವ” ಎಂದ ತಿಪ್ಪೇರುದ್ರ. ನನ್ನ ಕಡೆ ತಿರುಗಿ, “ಯಾರೋ ಒಬ್ಬ ನೀರು ತಂದಿದ್ದ. ಯಾರು ಅಂತ ನನಗೆ ನೆನಪಿಲ್ಲ, ಕಣ್ಣಿಗೆ ಕತ್ತಲೆ ಬಂದಿತ್ತು. ಅವ್ವ ಯಾವಾಗ್ಲೂ ಅಧ್ಯಕ್ಷರ ಮಗ ಅಂತಾಳೆ” ಎಂದ.

“ಇವನೇ. ತಂಬಿಗೇಲಿ ತಂದು ಮೇಲಿಂದ ಬೊಗಸೆಗೆ ಹೊಯ್ದ. ದೂರದಿಂದ ನಾನೇ ನೋಡೀನಿ” ಎಂದರು ಹೊನ್ನೂರಮ್ಮ.

ಮೂರು ಸೆಕೆಂಡು ಸಾಕಾಯಿತು. ನನ್ನ ಬಲಗೈಗೆ ತಂಬಿಗೆಯ ಭಾರ ಬಂತು. ಹಿತ್ತಾಳೆಯ ತಂಬಿಗೆ, ಕಂಠದ ಹತ್ತಿರ ಒಂದು ನೆಗ್ಗು. ನೀರು ಬೊಗಸೆಗೆ ಬಿದ್ದು ಸಿಡಿದದ್ದೂ ಕಂಡಿತು. ಇನ್ನು ಒಂದು ನಿಮಿಷ ಬಿಟ್ಟಿದ್ದರೆ ಆ ಒಳ್ಳೆಯ ಹುಡುಗನಿಗಾಗಿ ನಾನು ಅಳಲು ಶುರು ಮಾಡುತ್ತಿದ್ದೆ. ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

“ನನಗೆ ನೆನಪಿಲ್ಲ ಹೊನ್ನೂರಮ್ಮ. ಅದು ನಾನಾಗಿರಲಿಕ್ಕಿಲ್ಲ” ಎಂದೆ. ಬೇಕಾದಷ್ಟು ಭಾಷಣ ಮಾಡಿದವನು ನಾನು, ಇಷ್ಟು ಕಷ್ಟಪಟ್ಟು ಯಾವತ್ತೂ ಮಾತಾಡಿರಲಿಲ್ಲ.

ಏನು ಮಾಡಲಿ ಎಂದು ತಿಪ್ಪೇರುದ್ರನನ್ನೇ ಕೇಳಿದೆ. ಅವನು ಯೋಚಿಸಿ, “ಹೊನ್ನಾಳಿ ಇಲ್ಲೇ ಐತಲ್ಲ. ಮೇಷ್ಟ್ರ ಎದುರಿಗೆ ಒಂದ್ಸಲ ನಿಲ್ಲಬೇಕು ಅನ್ನಿಸ್ತದೆ. ಜಗಳಕ್ಕಲ್ಲ” ಎಂದ. ಆ ಕ್ಷಣವೇ ಹೊರಟೆವು.

ಕಾರಿನಲ್ಲಿ ಅರ್ಧ ದಾರಿ ಕಳೆಯಿತು. ಆಮೇಲೆ ಅವನೇ ಹೇಳಿದ. “ಬಿಸಿಲು ಮರೆತುಹೋಗೈತೆ ಕಲ್ಲೇಶ. ಒಂದು ಮರೆಯಾಕೆ ಆಗಿಲ್ಲ. ಮೂರನೇ ದಿನ ಅವ್ವ ಶಾಲೆಗೆ ಬಂದಿದ್ಲು. ಮೇಷ್ಟ್ರಿಗೆ ಕೈ ಮುಗಿದು ನಿಂತಿದ್ಲು. ನಾನು ದೂರ ಇದ್ದೆ, ಮಾತು ಕೇಳಲಿಲ್ಲ, ಕೈ ಕಂಡಿತು. ಅದರ ಬಗ್ಗೆ ಇವತ್ತಿನ ತನಕ ಅವ್ವನ್ನ ಕೇಳಿಲ್ಲ. ಕೇಳಿದ್ರೆ ಅವಳಿಗೆ ನೋವಾಗ್ತದೆ ಅಂತ.”

ಹೊನ್ನಾಳಿಯಲ್ಲಿ ಬಾಗಿಲು ತೆಗೆದದ್ದು ಶಿವಲೀಲಾ. ನನ್ನನ್ನು ನೋಡಿದೊಡನೆ ಅವರ ಮುಖ ಬಿಗಿಯಾಯಿತು.

“ಆ ಕಾರ್ಯಕ್ರಮ ಆದಾಗಿಂದ ಅಪ್ಪಾಜಿ ಬಂದೋರಿಗೆಲ್ಲ ಅದನ್ನೇ ಹೇಳ್ತಾರೆ ಸರ್. ಊಟ ಅರ್ಧಕ್ಕೇ ಬಿಡ್ತಾರೆ. ನಿಮಗೆ ಹೇಳಬೇಕು ಅಂತಿದ್ರೆ ಇಲ್ಲಿ ಬಂದು ಹೇಳಬಹುದಿತ್ತು. ಅಷ್ಟು ಜನರ ಮುಂದೆ ಯಾಕೆ ಹೇಳಿದ್ರಿ?” ಎಂದರು. ಉತ್ತರ ನನಗೆ ಗೊತ್ತಿತ್ತು. ಇಲ್ಲಿ ಬಂದು ಹೇಳಿದ್ದರೆ ಇಲ್ಲಿ ಕೇಳುವವರು ಯಾರಿದ್ದರು? ಚಪ್ಪಲಿ ಬಿಟ್ಟು ಒಳಗೆ ಹೋದೆ.

ಮೇಷ್ಟ್ರು ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. “ಬಾ ಮಗಾ” ಎಂದು ನನ್ನ ಕೈ ಹಿಡಿದುಕೊಂಡರು. “ಕಾಲು ಸುಡ್ತಿತ್ತು ಅಂದಿದ್ದೆಯಲ್ಲ. ಈಗ ಹೆಂಗೈತೆ?”

“ಮೇಷ್ಟ್ರೇ, ಆವತ್ತು ನಿಂತಿದ್ದು ನಾನಲ್ಲ. ನಾನು ತಪ್ಪು ಹೇಳಿದೆ. ಅದನ್ನ ಹೇಳಾಕೆ ಬಂದೆ.”

“ನೀನೇ” ಎಂದರು. “ನೀಲಿ ಅಂಗಿ, ಹೆಗಲ ಹತ್ತಿರ ಹರಿದಿತ್ತು. ಮೊದಲು ನೆನಪಿರಲಿಲ್ಲ, ಈಗ ಚೆನ್ನಾಗಿ ನೆನಪೈತೆ. ನೀನು ಒಂಟಿ ಕಾಲಲ್ಲಿ ನಿಂತು ಅಲ್ಲಾಡ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದ್ರೆ ಅದೇ ಕಾಣ್ತದೆ.”

ಇಪ್ಪತ್ತಮೂರು ವರ್ಷದಲ್ಲಿ ಎರಡು ಸಾವಿರ ಜನಕ್ಕೆ ಪಾಠ ಹೇಳಿರಬಹುದು. ನಾನು ಹೇಳಿದ್ದನ್ನು ಇಷ್ಟು ಚೆನ್ನಾಗಿ ಕಲಿತವರು ಇವರೊಬ್ಬರೇ. ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ನಾನು ಅವರನ್ನು ಸಮಾಧಾನ ಮಾಡಲು ಹೀಗೆ ಹೇಳುತ್ತಿದ್ದೇನೆ ಎಂದು ತಿಳಿದು ಮತ್ತೆ ಕಣ್ಣೊರೆಸಿಕೊಂಡರು.

ತಿಪ್ಪೇರುದ್ರ ಬಾಗಿಲ ಹತ್ತಿರ ನಿಂತೇ ಇದ್ದ. ಈಗ ಮುಂದೆ ಬಂದ. “ನಮಸ್ಕಾರ ಮೇಷ್ಟ್ರೇ.”

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ನೀನು ಯಾವ ಬ್ಯಾಚಪ್ಪ?”

ಅವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವನು, “ನಾನು ತಿಪ್ಪೇರುದ್ರ. ಹೊನ್ನೂರಮ್ಮನ ಮಗ” ಎಂದ.

ನನ್ನ ಕೈ ಸವರುತ್ತಿದ್ದ ಮೇಷ್ಟ್ರ ಕೈ ನಿಂತಿತು.

“ಹೊನ್ನೂರಮ್ಮ” ಎಂದರು. “ಯಾವ ಹೊನ್ನೂರಮ್ಮ? ಕುಡುಗೋಲು ಹಿಡಕೊಂಡು ಶಾಲೆಗೆ ಬಂದಿದ್ಲಲ್ಲ, ಆಕೆಯಾ?”

ತಿಪ್ಪೇರುದ್ರ ನನ್ನನ್ನು ನೋಡಿದ. ಕುಡುಗೋಲಿನ ಮಾತನ್ನು ನಮ್ಮಲ್ಲಿ ಯಾರೂ ಎತ್ತಿರಲಿಲ್ಲ. ನಮಗೆ ಗೊತ್ತೇ ಇರಲಿಲ್ಲ.

ಮೇಷ್ಟ್ರು ನನ್ನ ಕೈ ಬಿಟ್ಟು ನೆಟ್ಟಗೆ ಕೂತರು. “ಹುಲ್ಲು ಕೊಯ್ಯೋಳು ಹಂಗೇ ಎದ್ದು ಬಂದಿದ್ಲು. ಬಾಗಿಲಲ್ಲಿ ನಿಂತು ಏನಂದ್ಲು ಗೊತ್ತಾ? ‘ನನ್ನ ಮಗ ಕದ್ದಿದ್ರೆ ಅವನ ಕೈ ನಾನೇ ತೆಗೀತೀನಿ ಮೇಷ್ಟ್ರೇ. ಕದ್ದಿಲ್ಲ ಅಂದ್ರೆ ನೀನೇನು ಮಾಡ್ತೀಯ, ಅದನ್ನ ಈಗಲೇ ಹೇಳು’ ಅಂದ್ಲು. ಮೂವತ್ತಾರು ವರ್ಷ ಕೆಲಸ ಮಾಡೀನಿ, ನನ್ನನ್ನ ಹಂಗೆ ಇನ್ಯಾರೂ ಕೇಳಲಿಲ್ಲ. ಆವತ್ತು ಸಂಜೆ ಪೆಟ್ಟಿಗೆಯನ್ನ ಪೂರ್ತಿ ಸುರಿದು ನೋಡಿದೆ. ಅಡಿಯಲ್ಲಿ ಹಾಸಿದ್ದ ಪೇಪರಿನ ಕೆಳಗೆ ಕನ್ನಡಿ ಇತ್ತು.” ಅವರು ತಿಪ್ಪೇರುದ್ರನ ಕಡೆಗೆ ಬಾಗಿದರು. “ನೀನು ಗಿಡ್ಡ ಇದ್ದೆ. ಎರಡು ಕಾಲೂ ಜೋಡಿಸಿ ನಿಂತಿದ್ದೆ. ಒಳಗೆ ಕೂರು ಅಂದೆ. ತಪ್ಪಾತು ಅನ್ನಲಿಲ್ಲ. ಅಂದ್ರೆ ಇಡೀ ಕೇರಿ ಮುಂದೆ ಸಣ್ಣೋನಾಗ್ತೀನಿ ಅಂತ. ತಪ್ಪಾತಪ್ಪ ತಿಪ್ಪೇರುದ್ರ.”

ಹೆಸರು ಹಿಡಿದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಇವನೇ ತಗೊಂಡ ಅಂತ ಎದ್ದು ನಿಂತು ಹೇಳಿದೋನು ನೀನಲ್ವಾ?” ಎಂದರು.

“ಹೌದು ಮೇಷ್ಟ್ರೇ” ಎಂದೆ.

ಆದರೆ ತಿಪ್ಪೇರುದ್ರ ನಾವಿಬ್ಬರೂ ಹೇಳಿದ್ದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. “ಅವ್ವ ನಿಮಗೆ ಕೈ ಮುಗಿದಿದ್ಲಲ್ವಾ ಮೇಷ್ಟ್ರೇ?” ಎಂದು ಕೇಳಿದ.

“ಯಾರಿಗೆ? ನನಗಾ?”

ತಿಪ್ಪೇರುದ್ರ ಅಲ್ಲೇ ನಿಂತು ಮನೆಗೆ ಫೋನ್ ಹಚ್ಚಿದ. ಕಿವಿ ಮಂದವಾದ್ದರಿಂದ ಜೋರಾಗಿ ಕೇಳಬೇಕಾಯಿತು. “ಅವ್ವಾ, ಕನ್ನಡಿ ಕಳೆದಾಗ ಶಾಲೆಗೆ ಬಂದಿದ್ಯಲ್ಲ, ಮೇಷ್ಟ್ರಿಗೆ ಕೈ ಮುಗಿದಿದ್ಯಾ?”

ಹೊನ್ನೂರಮ್ಮನ ದನಿ ನಮಗೆಲ್ಲ ಕೇಳಿಸಿತು. “ಕೈಯಾಗೆ ಕುಡುಗೋಲಿತ್ತು, ಹೆಂಗೆ ಮುಗೀಲಿ? ಬೈದು ಬಂದೆ. ಅದ್ಯಾಕೆ ಈಗ? ಊಟಕ್ಕೆ ಬರ್ತೀಯೋ ಇಲ್ಲೋ ಹೇಳು.”

ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ಶಿವಲೀಲಾ ಚಹಾ ತಂದರು. ನಾನು ಜಗುಲಿಯ ತನಕ ಹೋಗಿ ನೋಡಿದೆ. ಅವನು ಬೀದಿಯ ಕಡೆ ಮುಖ ಮಾಡಿ ನಿಂತಿದ್ದ, ಹೆಗಲು ಅಲ್ಲಾಡುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಹಿಂದಿನಿಂದ ತಿಳಿಯಲಿಲ್ಲ. ಒಂದು ಸಲವಾದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೇ ಬಿಡೋಣ ಎಂದು ಒಳಗೆ ಬಂದೆ.

ಮಾರನೇ ದಿನ ತಿದ್ದುಪಡಿಯ ವಿಡಿಯೋ ಮಾಡಿದೆ. ನಿಂತವನು ತಿಪ್ಪೇರುದ್ರ, ಅವನ ಮೇಲೆ ಸುಳ್ಳು ಹೇಳಿದವನು ನಾನು, ನೀರು ಕೊಟ್ಟವರು ಯಾರೆಂದು ಗೊತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅದೇ ಚಾನೆಲ್ಲಿನವರು ಹಾಕಿದರು. ನೂರ ಹನ್ನೆರಡು ಜನ ನೋಡಿದರು. ಗುಂಪಿನಲ್ಲಿ ಹಾಕಿದರೆ, ‘ಎಂಥ ದೊಡ್ಡ ಮನಸ್ಸು ಸರ್, ಗೆಳೆಯನಿಗೋಸ್ಕರ ತಪ್ಪನ್ನು ಮೈಮೇಲೆ ಹಾಕಿಕೊಂಡಿರಿ’ ಎಂದು ಹೂವಿನ ಚಿತ್ರ ಕಳಿಸಿದರು. ಹಾಗಲ್ಲ ಎಂದು ಬರೆದೆ. ಇನ್ನಷ್ಟು ಹೂವು ಬಂದವು. ಚಿಕ್ಕಹನುಮಂತಪ್ಪ ಮಾತ್ರ ನನಗೊಬ್ಬನಿಗೇ ಫೋನ್ ಮಾಡಿ, “ಯೋಚನೆ ಮಾಡಿದೆ ಕಲ್ಲೇಶಿ. ನೀರು ಕೊಟ್ಟೋನು ನಾನೇ ಇರಬೇಕು, ತಂಬಿಗೆ ಕಣ್ಣಿಗೆ ಕಟ್ಟಿದಂಗೈತೆ” ಎಂದ. ಅವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ.

ತಿಪ್ಪೇರುದ್ರನನ್ನು ಗುಂಪಿಗೆ ಸೇರಿಸಿದೆ. ಎರಡು ದಿನಕ್ಕೆ ಹೊರಟುಹೋದ. ಕೇಳಿದರೆ, “ಬರೀ ಗುಡ್ ಮಾರ್ನಿಂಗ್” ಎಂದ. ಮೇಷ್ಟ್ರು ಈಗ ಊಟ ಬಿಡುವುದಿಲ್ಲವಂತೆ. ಬಂದವರಿಗೆ ಹೊನ್ನೂರಮ್ಮನ ವಿಷಯ ಹೇಳುತ್ತಾರಂತೆ. ಕುಡುಗೋಲು ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಿದೆ ಎಂದು ಶಿವಲೀಲಾ ಅಂದರು.

ಮಾರ್ಚಿನಲ್ಲಿ ತಿಪ್ಪೇರುದ್ರ ಯಾವುದೋ ಕೆಲಸಕ್ಕೆ ಚನ್ನಗಿರಿಗೆ ಬಂದವನು ನಮ್ಮ ಮನೆಗೆ ಊಟಕ್ಕೆ ಬಂದ. ಸಂಧ್ಯಾರಾಣಿ ರೊಟ್ಟಿ ಬಡಿಸುತ್ತಾ, “ಇವರ ಬಾಯಲ್ಲಿ ಕೇಳಿ ಕೇಳಿ ಸಾಕಾಗೈತೆ, ನೀವೇ ಮೊದಲಿಂದ ಹೇಳ್ರಿ ಅಣ್ಣ” ಎಂದಳು. ಅವನು ಹೇಳಿದ. ಮೊದಲ ದಿನದ ಬೆಳಿಗ್ಗೆಯಿಂದ, ನಿಧಾನವಾಗಿ. ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಅದರಲ್ಲಿದ್ದವು. ಮಧ್ಯೆ ಒಂದೆರಡು ಕಡೆ ಬಾಯಿ ಹಾಕಬೇಕೆನಿಸಿತು. ಸಂಧ್ಯಾರಾಣಿ ನನ್ನ ಕಡೆ ನೋಡಿದಳು. ನಾನು ಎದ್ದು ಹೋಗಿ ಅವನಿಗೆ ಮೊಸರು ತಂದೆ.